ಅಪ್ಪ ತನ್ನ ದನಿ ಕೇಳಿದ ಶ್ರಾವಣ

ನಮ್ಮ ಮನೆಯಲ್ಲಿ ಸಂಜೆ ಊಟಕ್ಕೆ ಇಂಥ ಹೊತ್ತು ಎಂದು ಇರಲಿಲ್ಲ. ಅಪ್ಪನ ಹಾಡು ಮುಗಿದರೆ ಊಟ. ಭಾಲ್ಕಿಯ ಬೇಳೆ ಮಿಲ್ಲಿನಲ್ಲಿ ದಿನವಿಡೀ ತೊಗರಿಯ ಧೂಳು ಕುಡಿದು ಬಂದ ಅಪ್ಪ, ಬಚ್ಚಲಲ್ಲಿ ತಲೆಗೆ ನೀರು ಸುರಿದುಕೊಂಡು, ಕೂದಲು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಪಡಸಾಲೆಗೆ ಬಂದು ಕೂರುತ್ತಿದ್ದ. ಅಲ್ಲಿ ಗೋಡೆಯೊಳಗಿನ ಮಾಡದಲ್ಲಿ ನಮ್ಮ ದೇವರು. ಅವ್ವ ದೀಪ ಹಚ್ಚಿ ಒಳಗೆ ಹೋಗಿರುತ್ತಿದ್ದಳು. ಓಣಿಯ ಕೊನೆಯ ಮಸೀದಿಯಿಂದ ಅಜಾನ್ ಮುಗಿಯುವವರೆಗೆ ಅಪ್ಪ ಕಣ್ಣು ಮುಚ್ಚಿ ಸುಮ್ಮನಿರುತ್ತಿದ್ದ. ಅದು ಮುಗಿದು ಗಾಳಿ ಹಗುರಾದ ಮೇಲೆ ಅವನ ಕೈಯ ತಾಳ ಟಿಣ್ ಎನ್ನುತ್ತಿತ್ತು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯಲು ಶುರು ಮಾಡುತ್ತಿದ್ದಳು. ಅವಳ ಅಂಗೈ ಮರದ ಕೊಣಮಿಗೆಯ ಮೇಲೆ ಬೀಳುವ ಸಪ್ಪಳಕ್ಕೂ ಅಪ್ಪನ ತಾಳಕ್ಕೂ ಏನೋ ಒಪ್ಪಂದವಿದ್ದಂತಿತ್ತು. ಒಂದು ಜೋರಾದರೆ ಇನ್ನೊಂದೂ ಜೋರಾಗುತ್ತಿತ್ತು. ನಾನೂ ನನ್ನ ತಮ್ಮ ಶಿವುವೂ ಪುಂಡಿಪಲ್ಯದ ವಾಸನೆ ಕುಡಿಯುತ್ತ, ಇದು ಕೊನೆಯ ಪದವಾಗಲಿ ಎಂದು ಬೇಡಿಕೊಳ್ಳುತ್ತ ಕಂಬಕ್ಕೆ ಒರಗಿರುತ್ತಿದ್ದೆವು. ದೇವರ ಮುಂದೆ ಕೂತು ನಾನು ಮೊಟ್ಟಮೊದಲು ಮಾಡಿದ ಪ್ರಾರ್ಥನೆ ಅದೇ ಇರಬೇಕು: ಅಪ್ಪ ಬೇಗ ನಿಲ್ಲಿಸಲಿ.

ಅಪ್ಪನ ದನಿ ಚೆನ್ನಾಗಿದೆಯೇ ಎಂದು ಯಾರಾದರೂ ಆಗ ಕೇಳಿದ್ದರೆ ನಮಗೆ ಪ್ರಶ್ನೆಯೇ ತಿಳಿಯುತ್ತಿರಲಿಲ್ಲ. ಬಾವಿಯ ಗಡಗಡಿಯ ಸದ್ದು ಚೆನ್ನಾಗಿದೆಯೇ ಎಂದು ಯಾರು ಕೇಳುತ್ತಾರೆ? ಅದು ಮನೆಯ ಸದ್ದು, ಅಷ್ಟೆ. ಆದರೆ ಆಯಿಗೆ, ಅಂದರೆ ಅಪ್ಪನ ಅವ್ವನಿಗೆ, ಅದು ಬರೀ ಸದ್ದಾಗಿರಲಿಲ್ಲ. ಬಾಗಿಲ ಪಕ್ಕದ ಹಗ್ಗದ ಹೊರಸಿನ ಮೇಲೆ ಮೊಣಕಾಲು ಮಡಚಿ ಕೂತು, ಮಗ ಹಾಡುವಷ್ಟು ಹೊತ್ತೂ ತುಟಿ ಅಲ್ಲಾಡಿಸುತ್ತಿದ್ದಳು. ಅವನಿಗೆ ಆ ಪದಗಳನ್ನೆಲ್ಲ ಕಲಿಸಿದವಳು ಅವಳೇ. ಮನೆಗೆ ಯಾರೇ ಹೊಸಬರು ಬರಲಿ, ಅವಳು ಹೇಳುವ ಕಥೆ ಒಂದೇ.

“ಮೂರು ವರ್ಷ ಆಗಿತ್ರಿ ಇವಗ. ಬಾಯಿಂದ ಅವ್ವ ಅನ್ನೋ ಮಾತು ಸುದ್ದಾ ಬಂದಿದ್ದಿಲ್ಲ. ಮೂಕ ಹುಟ್ಟ್ಯಾನ ಅಂತ ಮಂದಿ ಅಂದ್ರು. ನಾ ದಿನಾ ಒದ್ದಿ ಸೀರಿ ಮ್ಯಾಗ ಗುಡಿ ಸುತ್ತಿದೆ. ದೇವರೇ, ಇವಗ ದನಿ ಕೊಡು, ಆ ದನಿ ನಿನಗೇ ಕೊಡ್ತೇನಿ ಅಂದೆ. ಕೊಟ್ಟ ನೋಡ್ರಿ.”

ಹಾಗಾಗಿ ಅಪ್ಪನ ಹಾಡು ನಮ್ಮ ಮನೆಯಲ್ಲಿ ಭಕ್ತಿಯೂ ಹೌದು, ಮಾತು ಉಳಿಸಿಕೊಳ್ಳುವುದೂ ಹೌದು. ಅಪ್ಪ ಅದನ್ನು ಎಂದೂ ಭಾರ ಅಂದುಕೊಳ್ಳಲಿಲ್ಲ. ಇಷ್ಟು ತೃಪ್ತಿಯಿಂದ ಬದುಕಿದ ಇನ್ನೊಬ್ಬ ಮನುಷ್ಯನನ್ನು ನಾನು ಆಮೇಲೆ ನೋಡಲಿಲ್ಲ. ಪಕ್ಕದ ಓಣಿಯಲ್ಲಿ ಟಿವಿ ಬಂದು, ಅವರ ಕಿಟಕಿಗೆ ನಾವು ಜೋತುಬಿದ್ದು ನೋಡಿ ಬಂದು ಮನೆಯಲ್ಲಿ ರಚ್ಚೆ ಹಿಡಿದಾಗ ಅವನು ಬೈಯಲಿಲ್ಲ, ನಕ್ಕ.

“ನಮ್ಮ ಮನ್ಯಾಗ ಏನ್ ಕಡಿಮಿ ಅದ ಹೇಳ್ರಿ. ಆಯಿ ಇದ್ದಾಳ, ಅವ್ವ ಇದ್ದಾಳ, ಹಾಡು ಅದ. ಸಾಕು.”

ಆ ‘ಸಾಕು’ ಎಂಬ ಮಾತನ್ನು ಅವನು ಉಂಡು ತೇಗಿದ ಹಾಗೆ ಅನ್ನುತ್ತಿದ್ದ. ಸಾಕಾಗದೆ ಇದ್ದದ್ದು ಮಕ್ಕಳಾದ ನಮಗೆ ಮಾತ್ರ.

ಅವ್ವನ ತಮ್ಮ ರಾಜು ಮಾಮಾ ಔರಾದಿನವನು. ಬಸ್‌ಸ್ಟ್ಯಾಂಡಿನ ಎದುರು ಅವನದೊಂದು ರೇಡಿಯೋ ರಿಪೇರಿ ಅಂಗಡಿ. ಪ್ರತಿ ಶ್ರಾವಣದಲ್ಲಿ ನಾಗಪಂಚಮಿಗೆ ಅಕ್ಕನನ್ನು ತವರಿಗೆ ಕರೆದೊಯ್ಯಲು ಬರುತ್ತಿದ್ದ. ಆ ವರ್ಷ ಆಯಿಗೆ ಮೈಯಲ್ಲಿ ಆರಾಮವಿಲ್ಲ, ಅವ್ವ ಹೋಗುವಂತಿರಲಿಲ್ಲ. ಹೀಗಾಗಿ ಮಾಮಾನೇ ತವರನ್ನು ಹೊತ್ತುಕೊಂಡು ಬಂದ. ಔರಾದಿನ ಅಜ್ಜಿ ಕಟ್ಟಿಕೊಟ್ಟ ಎಳ್ಳುಂಡಿ, ಶೇಂಗಾ ಉಂಡಿ, ಜೋಳದ ಅಳ್ಳು, ಅವ್ವನಿಗೆ ಹಸಿರು ಬಳೆ. ಜೊತೆಗೆ ಒಂದು ಟವೆಲಿನಲ್ಲಿ ಕೂಸಿನಂತೆ ಸುತ್ತಿ ತಂದಿದ್ದ ಕರಿಯ ಪೆಟ್ಟಿಗೆ. ಟೇಪ್ ರೆಕಾರ್ಡರ್. ಹಾಡು ಕೇಳಿಸುವ ಟೇಪನ್ನು ನಾವು ಚಹದ ಹೋಟೆಲಿನಲ್ಲಿ ನೋಡಿದ್ದೆವು. ಇದು ಹಾಗಲ್ಲ, ಕೆಂಪು ಗುಂಡಿ ಒತ್ತಿದರೆ ನಾವು ಆಡಿದ್ದನ್ನೇ ಹಿಡಿದುಕೊಳ್ಳುತ್ತದೆ ಎಂದ ಮಾಮಾ. ಶಿವು ತಕ್ಷಣ ಅದರೊಳಗೆ ತನ್ನ ಹೆಸರು ಕೂಗಿದ. ಪೆಟ್ಟಿಗೆ ಅವನ ಹೆಸರು ಕೂಗಿತು. ಶಿವು ಹೆದರಿ ಅವ್ವನ ಸೆರಗು ಹಿಡಿದ, ಆಮೇಲೆ ಮತ್ತೆ ಬಂದು ಕೂಗಿದ.

ಮಾಮಾನಿಗೆ ಅಪ್ಪನ ಮೇಲೆ ಬಹಳ ಪ್ರೀತಿ. ಈ ಮಾತನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದೆ ನಡೆದದ್ದಕ್ಕೆ ಅವ್ವ ಎಷ್ಟೋ ವರ್ಷ ತಮ್ಮನನ್ನು ದೂರಿದಳು. ಅವನು ಆ ಪೆಟ್ಟಿಗೆಯನ್ನು ಮೆರೆಯಲು ತಂದಿರಲಿಲ್ಲ, ಅಪ್ಪನ ಹಾಡಿಗಾಗಿಯೇ ತಂದಿದ್ದ.

“ಭಾವಾ, ಇವತ್ತು ನೀವು ಹಾಡ್ರಿ. ಇದರಾಗ ಹಿಡಿದು ಇಡ್ತೇನಿ,” ಎಂದ.

“ಹಿಡಿದು ಇಟ್ಟು ಏನ್ ಮಾಡೋದದ? ಕೇಳಬೇಕಾದವ ಕೇಳ್ತಾನ,” ಅಪ್ಪ ಮಾಡದ ಕಡೆ ಕೈ ತೋರಿಸಿದ.

“ದೇವರು ಕೇಳ್ತಾನ, ಖರೇ. ನೀವು ಎಂದರ ಕೇಳೀರೇನು?”

“ಹಾಡಾಂವ ನಾನೇ. ನನಗ ಕೇಳಂಗಿಲ್ಲೇನು?” ಎಂದು ಅಪ್ಪ ನಕ್ಕ. ನಾವೂ ನಕ್ಕೆವು. ಅದು ಎಂಥ ಪ್ರಶ್ನೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ, ಕೇಳಿದ ಮಾಮಾನಿಗೂ.

ಸಂಜೆ ಅಜಾನ್ ಮುಗಿಯಿತು. ಮಾಮಾ ಗುಂಡಿ ಒತ್ತಿದ. ಅಪ್ಪ ಕಣ್ಣು ಮುಚ್ಚಿ ಎಂದಿನಂತೆ ಹಾಡಿದ. ಪೆಟ್ಟಿಗೆ ಅಲ್ಲಿದೆ ಎಂಬುದನ್ನು ಅವನು ಮರೆತೇಬಿಟ್ಟಿದ್ದ. ನಾನಂತೂ ಆ ಸಂಜೆ ಹಾಡು ಬೇಗ ಮುಗಿಯಲಿ ಎಂದದ್ದು ಹಸಿವಿಗಲ್ಲ, ಪೆಟ್ಟಿಗೆ ಏನು ಹೇಳುತ್ತದೆ ಎಂದು ಕೇಳಲು. ಮುಗಿಯಿತು. ಮಾಮಾ ಟೇಪನ್ನು ಹಿಂದಕ್ಕೆ ತಿರುಗಿಸಿ ಹಚ್ಚಿದ. ಮೊದಲು ಬಂದದ್ದು ಆಯಿಯ ಕೆಮ್ಮು. ಮನೆಯೆಲ್ಲ ನಕ್ಕಿತು. ಆಮೇಲೆ ಅವ್ವನ ರೊಟ್ಟಿಯ ಸಪ್ಪಳ, ಬಳೆಗಳ ಸದ್ದು; ಅವ್ವ ಬಾಗಿಲಿಗೆ ಬಂದು ಬಾಯಿ ಮೇಲೆ ಸೆರಗು ಇಟ್ಟುಕೊಂಡು ನಿಂತಳು. ಆಮೇಲೆ ಹಾಡು. ಪೆಟ್ಟಿಗೆಯಲ್ಲಿ ಅಪ್ಪ ಸ್ವಲ್ಪ ಸಣ್ಣಗಾದಂತೆ, ದೂರದ ಊರಿನಲ್ಲಿ ಕೂತು ಹಾಡುತ್ತಿರುವಂತೆ ನನಗೆ ಅನ್ನಿಸಿತು. ಅಷ್ಟೇ ಅನ್ನಿಸಿದ್ದು. ನಾನು ಖುಷಿಯಿಂದ ಅಪ್ಪನ ಮುಖ ನೋಡಿದೆ. ಅವನು ನಗುತ್ತಿರಲಿಲ್ಲ.

“ಇದು ಯಾರ ದನಿ?”

“ನಿಮ್ಮದೇರಿ ಭಾವಾ! ಮತ್ತ್ಯಾರದು?”

“ಮತ್ತೊಮ್ಮಿ ಹಚ್ಚು.”

ಮಾಮಾ ಮತ್ತೊಮ್ಮೆ ಹಚ್ಚಿದ. ಅಪ್ಪ ಪೆಟ್ಟಿಗೆಯ ಹತ್ತಿರ ಸರಿದು ಕೂತು, ಜಾಲರಿಗೆ ಕಿವಿ ಹಚ್ಚಿದ. ಮೇಲಿನ ಸಾಲಿಗೆ ಹೋಗುವಾಗ ಅವನ ದನಿ ಮೂಗಿಗೆ ಏರುತ್ತಿತ್ತು. ಸಾಲಿನ ಕೊನೆಯಲ್ಲಿ, ಬಿಗಿ ಕಟ್ಟದ ಧೋತರದಂತೆ, ಮೆಲ್ಲಗೆ ಜಾರುತ್ತಿತ್ತು. ಇದನ್ನು ನಾನು ಈಗ ಹೇಳುತ್ತಿದ್ದೇನೆ. ಆಗ ನನಗೆ ಅದೇ ಅಪ್ಪನ ಹಾಡು, ಅದು ಹಾಗೆಯೇ ಇರಬೇಕಾದ್ದು. ಆದರೆ ಅಪ್ಪನ ಒಳಗೆ ಇಷ್ಟು ವರ್ಷ ಬೇರೆಯೇ ಒಂದು ದನಿ ಹಾಡುತ್ತಿತ್ತು. ಹೊರಗೆ ಬಂದದ್ದು ಇದು ಎಂದು ಅವನಿಗೆ ಅವತ್ತೇ ತಿಳಿದದ್ದು. ಆ ಸಂಜೆ ಅವನು ಉಂಡ. ತಲೆ ತಗ್ಗಿಸಿ ಉಂಡ. ಮಾಮಾ ಊರಿಗೆ ಹೊರಡುವಾಗ, ಆ ಪೆಟ್ಟಿಗೆ ನಾಲ್ಕು ದಿನ ಇಲ್ಲೇ ಇರಲಿ ಎಂದ ಅಪ್ಪ. ಎಂದೂ ಯಾರ ಹತ್ತಿರವೂ ಏನನ್ನೂ ಕೇಳದ ಭಾವ ಕೇಳಿದನಲ್ಲ ಎಂದು ಮಾಮಾನಿಗೆ ಹಿಗ್ಗೋ ಹಿಗ್ಗು. ಒಬ್ಬ ದೊಡ್ಡ ಗಾಯಕನ ಭಕ್ತಿಗೀತೆಗಳ ಕ್ಯಾಸೆಟ್ಟನ್ನೂ ಬಿಟ್ಟು ಹೋದ. ಅದರಲ್ಲಿ ಅಪ್ಪ ಹಾಡುವ ಪದಗಳಲ್ಲಿ ಒಂದಿತ್ತು.

ಅಲ್ಲಿಂದ ನಮ್ಮ ಮನೆಯ ಸಂಜೆಗಳು ಬೇರೆಯಾದವು. ಅಪ್ಪ ಮಿಲ್ಲಿನಿಂದ ಬಂದವನು ಬಚ್ಚಲಿಗೆ ಹೋಗುವ ಮೊದಲೇ ಪೆಟ್ಟಿಗೆಯ ಮೇಲಿನ ಬಟ್ಟೆ ತೆಗೆಯುತ್ತಿದ್ದ. ಮೊದಲು ಗಾಯಕನ ಪದ, ಆಮೇಲೆ ತನ್ನದು. ಮತ್ತೆ ಗಾಯಕನದು, ಮತ್ತೆ ತನ್ನದು. ಹಾಡುವುದು, ಕೇಳುವುದು, ಅದರ ಮೇಲೆಯೇ ಮತ್ತೆ ಹಾಡುವುದು. ಹಾಗೆ ಹಾಡಿದಾಗ ಹಿಂದಿನದು ಅಳಿಸಿಹೋಗುತ್ತಿತ್ತು. ಮಾಮಾ ಮೊದಲ ದಿನ ಹಿಡಿದ ಹಾಡು, ಆಯಿಯ ಕೆಮ್ಮು, ಅವ್ವನ ಬಳೆ ಎಲ್ಲ ಆ ವಾರವೇ ಹೋದವು. ಅವನು ಹಾಡುವಾಗ ನಾವು ಮಾತಾಡುವಂತಿಲ್ಲ, ಕೊಡ ಇಳಿಸುವಂತಿಲ್ಲ, ಆಯಿ ಕೆಮ್ಮು ಬಂದರೆ ಹಿತ್ತಲಿಗೆ ಎದ್ದು ಹೋಗಬೇಕು. ಒಂದು ದಿನ ಅವನು ಹಾಡುತ್ತ ಹಾಡುತ್ತ ನಿಲ್ಲಿಸಿ ಅಡುಗೆಮನೆಯ ಕಡೆ ತಿರುಗಿದ.

“ನಿನ್ನ ರೊಟ್ಟಿ ಸಪ್ಪಳ ಇದರಾಗ ಬರ್ಲತ್ತದ. ಸ್ವಲ್ಪ ತಡಿ.”

“ಹಿಟ್ಟು ಒಣಗ್ತದರಿ. ಹುಡುಗ್ರು ಹಸ್ದಾವ,” ಎಂದಳು ಅವ್ವ.

“ತಡಿ ಅಂದೆ.”

ಅವ್ವ ತಡೆದಳು. ನಾನು ಒಳಗೆ ಹೋಗಿ ನೋಡಿದೆ. ಅರ್ಧ ಬಡಿದ ರೊಟ್ಟಿಯ ಮುಂದೆ ಅಂಗೈ ಮೇಲೆತ್ತಿಕೊಂಡು ಕೂತಿದ್ದಳು, ಬೆರಳುಗಳ ಮೇಲೆ ಹಿಟ್ಟು ಬಿಳಿಯಾಗಿ ಬಿರಿಯುತ್ತಿತ್ತು. ಒಲೆಯ ಮೇಲೆ ಹಂಚು ಸುಮ್ಮನೆ ಕಾಯುತ್ತಿತ್ತು. ಅವಳ ಅಂಗೈಗೂ ಅಪ್ಪನ ತಾಳಕ್ಕೂ ಇದ್ದ ಒಪ್ಪಂದ ಅವತ್ತು ಮುರಿಯಿತು. ಅದನ್ನು ಮತ್ತೆ ಕೂಡಿಸುವ ದಾರಿ ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ಅವಳು ಅಪ್ಪನ ತಾಟಿಗೆ ಪಲ್ಯ ಹಾಕುತ್ತ, ತಲೆ ಎತ್ತದೆ ಹೇಳಿದಳು.

“ಮೊದಲ ದೇವರ ಮುಂದ ಹಾಡ್ತಿದ್ರಿ. ಈಗ ಈ ಡಬ್ಬಿ ಮುಂದ ಹಾಡ್ಲತ್ತೀರಿ.”

“ದೇವರಿಗಿ ಚಲೋದು ಕೊಡಬ್ಯಾಡೇನು? ಇಷ್ಟು ವರ್ಷ ಏನ್ ಕೊಟ್ಟೀನಿ, ಕೇಳಿದಿ ಇಲ್ಲ ನೀನು?”

“ಕೇಳೀನ್ರಿ. ಮದಿವಿ ಆಗಿ ಬಂದ ದಿನದಿಂದ ಕೇಳ್ಕೋತ ಬಂದೀನಿ. ನನಗ ಏನೂ ಕಡಿಮಿ ಅನಿಸಿಲ್ಲ.”

“ಅದೇ ನೋಡು,” ಅಂದ ಅಪ್ಪ. “ನಿಮಗ ಯಾರಿಗೂ ಅನಿಸಿಲ್ಲ ಅಂದ್ರ ನಾ ಹ್ಯಾಂಗ ನಂಬಲಿ?”

ಸೋಮವಾರದ ಭಜನೆಗೆ ಮಿಲ್ಲಿನ ಐದಾರು ಜನ ನಮ್ಮ ಮನೆಗೆ ಬರುತ್ತಿದ್ದರು. ಅವರಲ್ಲಿ ದಮ್ಮಡಿ ಬಾರಿಸುವ ಘಾಳೆಪ್ಪ ಕಾಕಾ ಅಪ್ಪನ ಜೀವದ ಗೆಳೆಯ. ಅಪ್ಪ ಹಾಡಿದ ಸಾಲನ್ನು ಎಲ್ಲರೂ ಕೂಡಿ ಮತ್ತೆ ಹಾಡಬೇಕು. ಶ್ರಾವಣದ ಕಡೆಯ ಸೋಮವಾರ ಅಪ್ಪ ಅವರನ್ನು ನಡುನಡುವೆ ನಿಲ್ಲಿಸತೊಡಗಿದ. ಅಲ್ಲ, ಹಿಂಗಲ್ಲ, ಮತ್ತೊಮ್ಮಿ. ಮೊದಲು ಅವರು ನಗುತ್ತ ತಿದ್ದಿಕೊಂಡರು. ಆಮೇಲೆ ಒಬ್ಬೊಬ್ಬರ ದನಿ ಅಡಗಿತು. ಚೀಲ ಹೊತ್ತು ಬೆನ್ನು ನೋಯಿಸಿಕೊಂಡು ಬಂದ ದೊಡ್ಡ ದೊಡ್ಡ ಗಂಡಸರು, ಪಾಠ ಬಾರದ ಹುಡುಗರಂತೆ ಚಾಪೆಯ ಎಳೆ ಕೀಳುತ್ತ ಕೂತರು. ಕೊನೆಗೆ ಘಾಳೆಪ್ಪ ಕಾಕಾ ದಮ್ಮಡಿ ಕೆಳಗಿಟ್ಟ.

“ಮಾಣಿಕಪ್ಪಾ, ವಾರಕ್ಕೊಮ್ಮಿ ಹರುಷದಿಂದ ದೇವರ ಹೆಸರು ತಗೋಬೇಕು ಅಂತ ಬರ್ತೇವಿ. ನೀ ಏನ್ ಪರೀಕ್ಷಾ ಇಟ್ಟಿಯೋ ಮಾರಾಯಾ?”

“ನಿಮಗೆಲ್ಲಾ ಗೊತ್ತಿತ್ತು,” ಅಂದ ಅಪ್ಪ. “ನನ್ನ ದನಿ ಹಿಂಗದ ಅಂತ ಗೊತ್ತಿತ್ತು. ಒಬ್ಬರರ ಹೇಳಿದ್ರೇನು?”

“ಹೇಳೋದು ಏನದ ಅದರಾಗ? ನೀ ಹಾಡ್ತಿದ್ದಿ, ನಾವು ಕೂಡ್ತಿದ್ದೆವು.”

“ಕನಿಕರ ಮಾಡಿ ಕೇಳಿದ್ರಿ.”

ಕಾಕಾ ಎದ್ದುನಿಂತ. ಹೊಸ್ತಿಲ ಹತ್ತಿರ ಚಪ್ಪಲಿ ಹುಡುಕಿದ. ಉಳಿದವರೂ ಎದ್ದರು. ಅವ್ವ ಎಲ್ಲರಿಗೂ ಎಂದು ಮಾಡಿದ್ದ ಉಸುಳಿ ಪಾತ್ರೆಯಲ್ಲೇ ಉಳಿಯಿತು. ಆಗ ಹೊರಸಿನ ಮೇಲಿಂದ ಆಯಿ, ಮಗನ ಬೆನ್ನು ಸವರುವ ಹಾಗೆ ಮೆಲ್ಲಗೆ ಅಂದಳು.

“ಹಂಗ್ಯಾಕ ಅಂತಿ ಮಾಣಿಕಾ? ಈ ದನಿ ನಾ ಬೇಡಿ ತಂದದ್ದದ.”

“ಬೇಡೋದು ಬೇಡಿದಿ, ಇಂಥದು ಯಾಕ ಬೇಡಿದಿ?”

ಆಯಿ ಹೊರಸಿನ ಮೇಲೆ ಮೆಲ್ಲಗೆ ಗೋಡೆಯ ಕಡೆ ಹೊರಳಿ ಮಲಗಿದಳು. ಅವಳ ಬೆನ್ನು ಅಷ್ಟು ಚಿಕ್ಕದು ಎಂದು ನಾನು ಅವತ್ತು ನೋಡಿದೆ. ಅಪ್ಪ ಕೆಟ್ಟವನಾಗಿದ್ದರೆ ಸುಲಭವಿತ್ತು. ಅವನ ಮೇಲೆ ಸಿಟ್ಟಾದರೂ ಮಾಡಬಹುದಿತ್ತು. ಅವನು ಮರುದಿನ ಬೆಳಿಗ್ಗೆ ಆಯಿಯ ಕಾಲು ಹಿಡಿದು ಅತ್ತ. ಆಯಿ ಅವನ ತಲೆ ಸವರಿದಳು. ಆದರೂ ಸಂಜೆಗೆ ಪೆಟ್ಟಿಗೆಯ ಮೇಲಿನ ಬಟ್ಟೆ ಮತ್ತೆ ತೆಗೆದ.

ಬೀದರಿನ ಚಿದ್ರಿಯಲ್ಲಿ ಸಂಗೀತ ಕಲಿಸುವ ಮಾಸ್ತರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಒಂದು ರವಿವಾರ ಅಪ್ಪ ಪೆಟ್ಟಿಗೆಯನ್ನು ಅದೇ ಟವೆಲಿನಲ್ಲಿ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದ. ನನ್ನನ್ನು ಯಾಕೆ ಕರೆದೊಯ್ದನೋ ತಿಳಿಯದು. ಒಬ್ಬನೇ ಹೋಗಲು ನಾಚಿಕೆಯಾಗಿರಬಹುದು. ಮಾಸ್ತರರ ಮನೆಯ ಮುಂದೆ ಮಲ್ಲಿಗೆ ಬಳ್ಳಿ, ಒಳಗೆ ನೆಲಕ್ಕೆ ಹಾಸಿದ ಜಮಖಾನೆ, ಹಾರ್ಮೋನಿಯಂ ಮುಂದೆ ಇಸ್ತ್ರಿ ಅಂಗಿ ತೊಟ್ಟ ಮಕ್ಕಳು. ಅಪ್ಪ ಜಮಖಾನೆಯ ಮೇಲೆ ಕೂರಲಿಲ್ಲ, ಅಂಚಿನಲ್ಲಿ ಕೂತ. ತಾನು ಹಾಡಿದ್ದನ್ನು ಹಚ್ಚಿ ತೋರಿಸಿದ. ಮಾಸ್ತರರು ಒಳ್ಳೆಯವರು. ನಗಲಿಲ್ಲ, ನಡುವೆ ಎದ್ದು ಹೋಗಲಿಲ್ಲ. ಮೊದಲ ಪದ ಮುಗಿಯುವವರೆಗೂ ಕಣ್ಣು ಮುಚ್ಚಿ ಕೇಳಿದರು. ಅವರ ಹಣೆ ನೋಡುತ್ತ ಅಪ್ಪ ಉಸಿರು ಬಿಗಿಹಿಡಿದಿದ್ದ. ನಾನು ಅಪ್ಪನನ್ನು ನೋಡುತ್ತಿದ್ದೆ.

“ಯಾರ ಕಡೆ ಕಲ್ತೀರಿ?” ಮಾಸ್ತರರು ಕೇಳಿದರು.

“ನಮ್ಮ ಅವ್ವನ ಕಡೀಂದ್ರಿ.”

“ನೋಡ್ರಿ, ಈ ವಯಸ್ಸಿನ್ಯಾಗ ದನಿ ತಿದ್ದೋದು ಆಗಂಗಿಲ್ಲ. ಶ್ರುತಿ ಸಣ್ಣವರಿದ್ದಾಗಿಂದ ಕೂಡಬೇಕು. ನೀವು ಮನ್ಯಾಗ ದೇವರ ಮುಂದ ಹಾಡೋರು ಅಲ್ಲೇನ್ರಿ? ಭಕ್ತಿಗಿ ಇದು ನಡೀತದ. ಹಾಡ್ರಿ, ಹಾಡ್ರಿ.”

ಅವರು ಸಮಾಧಾನಕ್ಕೆಂದೇ ಹೇಳಿದ್ದು. ಅವರ ಮನೆಯಾಕೆ ನಮಗೆ ಚಹಾ ಕೊಟ್ಟರು, ನನ್ನ ಕೈಗೆ ಒಂದು ಬಿಸ್ಕಿಟು ಹೆಚ್ಚಿಗೆ ಇಟ್ಟರು. ಅಪ್ಪ ಚಹಾ ಕುಡಿದು, ಬಸಿಯನ್ನು ಮೆಲ್ಲಗೆ ಕೆಳಗಿಟ್ಟು, ಎರಡೂ ಕೈ ಜೋಡಿಸಿದ. ಬಸ್ಸಿನಲ್ಲಿ ಪೆಟ್ಟಿಗೆ ಅವನ ತೊಡೆಯ ಮೇಲಿತ್ತು. ಹೊರಗೆ ಕೆಂಪು ಮಣ್ಣಿನ ಹೊಲಗಳು, ತೊಗರಿ ಇನ್ನೂ ಮೊಣಕಾಲೆತ್ತರ. ಬಹಳ ದೂರ ಬಂದ ಮೇಲೆ ಅವನು ನನ್ನ ಕಡೆ ತಿರುಗದೆಯೇ ಮಾತಾಡಿದ.

“ಭಕ್ತಿಗಿ ನಡೀತದಂತ. ಬ್ಯಾರೆ ಯಾತಕ್ಕೂ ಬರಲಾರದ್ದು ದೇವರಿಗಿ ನಡೀತದಂತ ಸುಮಿ.”

ಪೆಟ್ಟಿಗೆಗೆ ಸುತ್ತಿದ್ದ ಟವೆಲಿನ ಅಂಚು ಸರಿಮಾಡಿ, ಆಮೇಲೆ ಕೇಳಿದ.

“ಖರೇ ಹೇಳು. ನಿನಗ ಹ್ಯಾಂಗ ಕೇಳ್ತದ ನನ್ನ ಹಾಡು?”

“ಚಲೋ ಕೇಳ್ತದಪ್ಪಾ.”

ನಾನು ಹೇಳಿದ್ದು ನಿಜ. ಜಗತ್ತಿನಲ್ಲಿ ಆಗ ನನಗೆ ಅದಕ್ಕಿಂತ ಚಲೋ ಹಾಡು ಗೊತ್ತಿರಲಿಲ್ಲ. ಆದರೆ ಅವ್ವ ಅಂದದ್ದೂ ಅದೇ ಮಾತು, ಘಾಳೆಪ್ಪ ಕಾಕಾ ಅಂದದ್ದೂ ಅದೇ. ಅಪ್ಪ ಕಿಟಕಿಯ ಆಚೆ ನೋಡಿದ. ನಿಜ ಹೇಳಿಯೂ ಅದು ಯಾರಿಗೂ ತಲುಪದೆ ಹೋಗುವುದು ಎಂದರೇನು ಎಂದು ನನಗೆ ತಿಳಿದದ್ದು ಆ ಬಸ್ಸಿನಲ್ಲಿ. ಬೇರೆ ಯಾವ ಮಾತು ಆಡಿದ್ದರೆ ಅವನು ತಿರುಗಿ ನೋಡುತ್ತಿದ್ದ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಈ ವಯಸ್ಸಿಗೂ ಅಂಥ ಮಾತೊಂದು ನನಗೆ ಸಿಕ್ಕಿಲ್ಲ.

ಆ ದಿನದಿಂದ ಅಪ್ಪ ಹಾಡಲಿಲ್ಲ. ಜಗಳವಿಲ್ಲ, ಹಟವಿಲ್ಲ. ಸಂಜೆ ಮೈ ತೊಳೆದು ಬಂದು ದೇವರಿಗೆ ಕೈ ಮುಗಿದು ಅಂಗಳದ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದ. ಪೆಟ್ಟಿಗೆಯನ್ನೂ ಹಚ್ಚುತ್ತಿರಲಿಲ್ಲ. ಅವ್ವ ಔರಾದಿಗೆ ಹೇಳಿ ಕಳಿಸಿ ಮಾಮಾನನ್ನು ಕರೆಸಿದಳು. ಪೆಟ್ಟಿಗೆ ಮನೆಯಿಂದ ಹೊರಗೆ ಹೋದರೆ ಎಲ್ಲ ಮೊದಲಿನಂತೆ ಆಗುತ್ತದೆ ಎಂದು ಅವಳು ನಂಬಿದ್ದಳು. ನಾವೂ ನಂಬಿದ್ದೆವು. ಮಾಮಾ ತಪ್ಪಿತಸ್ಥನಂತೆ ಬಾಗಿಲಲ್ಲೇ ನಿಂತು, ಭಾವಾ, ಇದು ಅಗ್ಗದ ಟೇಪು, ಇದರ ಮೈಕು ಚಲೋ ಇಲ್ಲ, ಮನುಷ್ಯರ ದನಿ ಇದರಾಗ ಹಾಳಾಗಿ ಬರ್ತದ ಎಂದೆಲ್ಲ ಹೇಳಿದ. ಅಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, ನೀ ಏನೂ ತಪ್ಪು ಮಾಡಿಲ್ಲೋ ರಾಜು, ಉಣ್ಣು ಬಾ ಎಂದ. ಪೆಟ್ಟಿಗೆ ಹೋಯಿತು. ಹಾಡು ಬರಲಿಲ್ಲ. ಅಪ್ಪನಿಗೆ ಈಗ ಪೆಟ್ಟಿಗೆಯ ಗರಜೇ ಇರಲಿಲ್ಲ. ಅದು ಹೇಳಬೇಕಾದ್ದನ್ನು ಹೇಳಿಯಾಗಿತ್ತು. ಈಗ ನನ್ನ ಮೊಮ್ಮಕ್ಕಳು ಮಾತು ಬರುವ ಮೊದಲೇ ಮೊಬೈಲಿನಲ್ಲಿ ತಮ್ಮ ದನಿ ಕೇಳಿರುತ್ತಾರೆ, ಕೇಳಿ ಕೇಕೆ ಹಾಕುತ್ತಾರೆ. ಅವರಿಗೆ ಅದರಿಂದ ಏನೂ ಆಗುವುದಿಲ್ಲ. ಅರ್ಧ ಆಯುಷ್ಯ ಕಣ್ಣು ಮುಚ್ಚಿ ಹಾಡಿದ ಮೇಲೆ ಒಂದು ಸಂಜೆ ಅದನ್ನು ಕೇಳುವುದು ಬೇರೆ.

ಪಕ್ಕದ ಮನೆಯ ಹಮೀದಾ ಖಾಲಾ ಒಂದು ದಿನ ನಡುಗೋಡೆಯ ಮೇಲಿಂದ ಅವ್ವನನ್ನು ಕರೆದು ಕೇಳಿದರು.

“ಕ್ಯಾ ಹುವಾ ಕಮಳಾಬಾಯಿ? ನಿಮ್ಮವರ ತಬಿಯತ್ ಬರೋಬರಿ ಇಲ್ಲೇನು? ನಮಾಜ್ ಮುಗಿಸಿ ಕೂತೆ ಅಂದ್ರ ನಿಮ್ಮ ಹಾಡು ಬರ್ತಿತ್ತು. ಈಗ ನಮ್ಮ ಮನೀನೂ ಖಾಲಿ ಖಾಲಿ ಅನಸ್ಲತ್ತದ.”

ಅವ್ವ ಆ ಮಾತನ್ನು ಅಪ್ಪನಿಗೆ ಒಯ್ದು ಮುಟ್ಟಿಸಿದಳು. ಅಪ್ಪ ನಕ್ಕ. ಹಮೀದಾ ಬೆಹನ್ ಒಳ್ಳೆಯಾಕಿ ಎಂದ.

ಸುಗ್ಗಿಯ ಚಳಿಗೆ ಆಯಿ ಹಾಸಿಗೆ ಹಿಡಿದಳು. ಹೊರಸನ್ನು ಬಿಸಿಲು ಬೀಳುವ ಕಡೆ ಸರಿಸಿ, ಮೇಲೆ ಎರಡು ಕೌದಿ ಹೊದಿಸಿದೆವು. ಗಂಜಿಯೂ ಇಳಿಯದಾಯಿತು. ಒಂದು ಮಧ್ಯಾಹ್ನ ಅಪ್ಪ ಮಿಲ್ಲಿಗೆ ಹೋಗದೆ ಅವಳ ಪಕ್ಕದಲ್ಲಿ ಕೂತಿದ್ದ. ಅವ್ವ ಬೆಚ್ಚನೆಯ ಎಣ್ಣೆ ಹಚ್ಚಿ ಅವಳ ಕಾಲು ತಿಕ್ಕುತ್ತಿದ್ದಳು. ನಾನು ತಲೆಯ ಕಡೆ ಇದ್ದೆ. ಆಯಿ ಕಣ್ಣು ತೆರೆದು ಮಗನನ್ನು ಹುಡುಕಿದಳು.

“ಮಾಣಿಕಾ, ಒಂದು ಪದ ಹಾಡೋ.”

ಅಪ್ಪ ನೆಟ್ಟಗೆ ಕೂತ. ಕಣ್ಣು ಮುಚ್ಚಿದ. ಎದೆ ತುಂಬ ಉಸಿರು ಎಳೆದುಕೊಂಡದ್ದು ನಮಗೆಲ್ಲ ಕಂಡಿತು. ಅವ್ವನ ಕೈ ಆಯಿಯ ಪಾದದ ಮೇಲೆ ನಿಂತಿತು. ಅಪ್ಪನ ಗಂಟಲು ಎದ್ದು ಇಳಿಯಿತು, ಬಾಯಿ ತೆರೆಯಿತು. ದನಿ ಬರಲಿಲ್ಲ. ಇನ್ನೊಮ್ಮೆ ಉಸಿರು ಎಳೆದ. ಬರಲಿಲ್ಲ. ಅವನು ಹಟ ಮಾಡುತ್ತಿರಲಿಲ್ಲ. ಅವನ ಹಣೆಯ ನರ ಉಬ್ಬಿತ್ತು, ಕಣ್ಣಂಚಿನಿಂದ ನೀರು ಇಳಿಯುತ್ತಿತ್ತು, ಸಾಯುವ ತಾಯಿಗಾಗಿ ಒಂದೇ ಒಂದು ಸಾಲು ಹೊರಗೆ ತರಲು ಮೈಯೆಲ್ಲ ಸೆಣಸುತ್ತಿತ್ತು. ಮೂರು ವರ್ಷದ ಮೂಕ ಕೂಸು ಹೀಗೆಯೇ ಇದ್ದಿರಬೇಕು. ಆಯಿ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಾನೇ ಹಾಡತೊಡಗಿದಳು. ಅದನ್ನು ಹಾಡು ಎನ್ನುವಂತಿರಲಿಲ್ಲ. ಉಸಿರಿಗೆ ಅಂಟಿಕೊಂಡು ಶಬ್ದಗಳು ಬರುತ್ತಿದ್ದವು, ಒಂದು ಎಲ್ಲೋ, ಇನ್ನೊಂದು ಎಲ್ಲೋ. ಮೊದಲ ಸಾಲು ಮುಗಿಸಿ ಎರಡನೆಯದಕ್ಕೆ ಬಂದು ಅವಳಿಗೆ ಮರೆತುಹೋಯಿತು. ತುಟಿ ಅಲ್ಲಾಡಿತು, ನಿಂತಿತು. ಆ ಸಾಲು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವ್ವ ಅಪ್ಪನನ್ನು ನೋಡಿದಳು. ಅಪ್ಪ ನೆಲ ನೋಡುತ್ತಿದ್ದ. ಆಯಿಯ ಕಣ್ಣುಗಳು ಇನ್ನೂ ಕಾಯುತ್ತಿದ್ದವು. ನಾನು ಎಂದೂ ಒಬ್ಬಳೇ ಹಾಡಿದವಳಲ್ಲ. ಆದರೆ ಆ ಕಣ್ಣುಗಳನ್ನು ತಡೆಯಲಾಗದೆ, ಎರಡನೆಯ ಸಾಲು ನಾನು ಎತ್ತಿಕೊಂಡೆ. ಮುಂದಿನದನ್ನೂ ಹಾಡಿದೆ. ಆಯಿಯ ಬೆರಳುಗಳು ನನ್ನ ಮಣಿಕಟ್ಟಿನ ಮೇಲೆ ಮೆಲ್ಲಗೆ ತಾಳ ಹಾಕಿದವು. ಪದ ಪೂರ್ತಿ ಆಗುವ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತ್ತು. ಆ ವಾರ ದಾಟಲಿಲ್ಲ, ಹೋದಳು.

ಬಂದ ನೆಂಟರೆಲ್ಲ ಹೋದ ಮೇಲೆ, ಒಂದು ಇಳಿಹೊತ್ತು, ಅಪ್ಪ ಅಂಗಳದ ಕಟ್ಟೆಯ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಬಹಳ ದಿನಗಳ ಮೇಲೆ ಅವನ ಮುಖ ತಿಳಿಯಾಗಿತ್ತು.

“ಅವತ್ತು ನೀ ಹಾಡಿದಿ, ಚಲೋ ಮಾಡಿದಿ. ನಮ್ಮವ್ವಗ ಸಮಾಧಾನ ಆತು,” ಎಂದು ನನ್ನ ತಲೆ ಸವರಿದ.

ನನಗೆ ಬಹಳ ಸಂತೋಷವಾಯಿತು. ಅಪ್ಪ ತಲೆ ಸವರುತ್ತಲೇ ಮುಂದುವರಿಸಿದ.

“ಖರೇ, ಎರಡನೇ ಸಾಲಿನ್ಯಾಗ ಸ್ವಲ್ಪ ಇಳದಿ ಸುಮಿ.”

ಸಿಟ್ಟಿನಿಂದ ಅಂದದ್ದಲ್ಲ, ತಿದ್ದಬೇಕೆಂದೂ ಅಂದದ್ದಲ್ಲ. ಮಾತು ತಾನಾಗಿ ಬಾಯಿಂದ ಬಿದ್ದಿತ್ತು. ಬಿದ್ದ ಮೇಲೆ ಅದು ಅವನಿಗೂ ಕೇಳಿಸಿತು. ನನ್ನ ತಲೆಯ ಮೇಲಿದ್ದ ಕೈ ಹಾಗೆಯೇ ನಿಂತಿತು. ಅವನು ನನ್ನನ್ನು ನೋಡಿದ ನೋಟ, ಕೈಜಾರಿ ಕೂಸನ್ನು ಬೀಳಿಸಿದವನ ನೋಟ. ಹಂಗಲ್ಲ, ಹಂಗಲ್ಲ ಸುಮಿ, ಎಂದ. ಎದ್ದು ಹಿತ್ತಲಿಗೆ ಹೋದ. ಮುಂದೆ ನಾನು ಶಿಕ್ಷಕಿಯಾದೆ, ಸಾಲೆಯ ಬಾಯಿ. ಮಕ್ಕಳಿಗೆ ಪದ್ಯಗಳನ್ನು ಓದಿ ಕಲಿಸಿದೆ, ಹಾಡಿ ಕಲಿಸಲಿಲ್ಲ. ಯಾಕೆ ಎಂದು ಜೊತೆಯವರು ಕೇಳಿದಾಗ ಗಂಟಲು ಸರಿಯಿಲ್ಲ ಎನ್ನುತ್ತಿದ್ದೆ.

ಆ ಇಳಿಹೊತ್ತು ಬಾಗಿಲಲ್ಲಿ ನಿಂತು ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಬಂದು, ಅಪ್ಪ ಕೂತಿದ್ದ ಜಾಗದಲ್ಲಿ ಕೂತಳು.

“ಅವರ ಮಾತು ಬಿಡು. ನೀ ಹಾಡು ಸುಮಿ. ನಾ ಕೇಳ್ತೇನಿ.”

ಅವಳಿಗಾಗಿ ನಾನು ಹಾಡಲೇಬೇಕಿತ್ತು. ಕಣ್ಣು ಮುಚ್ಚಿದೆ, ಉಸಿರು ಎಳೆದುಕೊಂಡೆ, ಅದೇ ಪದದ ಮೊದಲ ಸಾಲು ಹೊರಡಿಸಿದೆ. ಅವ್ವ ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಸಾಲು ಇನ್ನೂ ಅರ್ಧಕ್ಕೆ ಬಂದಿತ್ತು. ಆಗ, ಹುಟ್ಟಿದ ಮೇಲೆ ಮೊದಲ ಸಲ, ನನ್ನ ದನಿ ನನಗೆ ಕೇಳಿಸಿತು.